ಬಿಟ್ಟುಹೋದ ಒಂದು ಸಾಲು: ಆ ಗಡ್ಡೆಗೆ ಚಳಿ ಬೇಕು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ‘ಅಲಿಯಂ’ ಎಂಬ ಹೂವಿನ ಬಗ್ಗೆ ಅರ್ಧ ಪುಟ ಬಂದಿತ್ತು. ಎದೆಮಟ್ಟದ ದಂಟು, ಅದರ ತುದಿಗೆ ನೇರಳೆ ಬಣ್ಣದ ಚೆಂಡು. ಫೋಟೊ ಬಹಳ ಚೆನ್ನಾಗಿತ್ತು. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಗಡ್ಡೆ ಎಷ್ಟು ಎತ್ತರ ಇದೆಯೋ ಅದರ ಮೂರು ಪಟ್ಟು ಆಳಕ್ಕೆ ಹೂಳಬೇಕು, ಅಕ್ಟೋಬರ್‌ನಲ್ಲಿ ನೆಡಬೇಕು ಎಂದು ಬರೆದಿದ್ದಿರಿ. ಎಲ್ಲ ಸರಿ. ಒಂದೇ ಒಂದು ಸಾಲು ಬಿಟ್ಟುಹೋಗಿದೆ. ಆ ಗಡ್ಡೆಗೆ ಚಳಿ ಬೇಕು. ನಾವು ಜನವರಿಯಲ್ಲಿ ಮಫ್ಲರ್ ಸುತ್ತಿಕೊಂಡು ಚಹಾ ಕುಡಿಯುತ್ತೇವಲ್ಲ, ಆ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ಫಿಟರ್ ಆಗಿದ್ದವನು. ಡ್ರಾಯಿಂಗಿನಲ್ಲಿ ಇಪ್ಪತ್ತು ಅಳತೆ ಸರಿ ಇದ್ದು ಒಂದು ಬಿಟ್ಟುಹೋದರೆ ಸಾಮಾನು ಕೂರುವುದಿಲ್ಲ. ಆ ಒಂದು ಸಾಲು ತಿಳಿಯದೆ ನಾನು ಎರಡು ಚಳಿಗಾಲ, 8 ಗಡ್ಡೆ ಮತ್ತು 3,050 ರೂಪಾಯಿ ಕಳೆದುಕೊಂಡಿದ್ದೇನೆ. ಮನೆಯಾಕೆಯ ಮುಂದೆ ಕಳೆದುಕೊಂಡ ಮರ್ಯಾದೆ ಬೇರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸಬೇಕಾದರೆ ನನ್ನ ಕಥೆ ಕತ್ತರಿಸಿ, ಅಳತೆ ಕತ್ತರಿಸಬೇಡಿ.

ಈ ಹುಚ್ಚು ಹತ್ತಿಸಿದವಳು ಮಗಳು. ಅವಳು ನೆದರ್‌ಲ್ಯಾಂಡ್ಸ್‌ನಲ್ಲಿ ಇರುತ್ತಾಳೆ. 2022ರ ಮೇ ತಿಂಗಳಲ್ಲಿ ಪಕ್ಕದ ಮನೆಯವರ ಅಂಗಳದ ಫೋಟೊ ಕಳಿಸಿದಳು. ಮೊಮ್ಮಗ ನಿಂತಿದ್ದಾನೆ, ಅವನ ತಲೆಗಿಂತ ಒಂದು ಗೇಣು ಮೇಲೆ ನೇರಳೆ ಚೆಂಡು ನಿಂತಿದೆ. ‘ಅಪ್ಪಾ, ಇದು ನಮ್ಮ ಉಳ್ಳಾಗಡ್ಡಿ ಜಾತೀದಂತ’ ಎಂದು ಕೆಳಗೆ ಬರೆದಿದ್ದಳು. ಉಳ್ಳಾಗಡ್ಡಿ ಅಂದ ಮೇಲೆ ನಮಗೆ ಕಲಿಸುವವರು ಯಾರು ಎನ್ನುವ ಸೊಕ್ಕು ನನಗೆ. ನಮ್ಮಪ್ಪನ ಹೊಲ ಗದಗ ಜಿಲ್ಲೆಯಲ್ಲಿ. ಮೆಣಸಿನಗಿಡ, ಹತ್ತಿ, ನಡುವೆ ಉಳ್ಳಾಗಡ್ಡಿ, ಮೂರೂ ಒಂದೇ ಹೊಲದಲ್ಲಿ. ಈಗ ಅದನ್ನು ಅಣ್ಣ ಮಾಡುತ್ತಾನೆ.

ಮಗಳು ಹೇಳಿದ್ದು ಸುಳ್ಳಲ್ಲ. ಅಲಿಯಂ ಅನ್ನುವುದು ಲ್ಯಾಟಿನ್‌ನಲ್ಲಿ ಬೆಳ್ಳುಳ್ಳಿಯ ಹೆಸರು. ಗಿಡಗಳಿಗೆ ಎರಡೆರಡು ಪದದ ಹೆಸರಿಟ್ಟ ಲಿನೇಯಸ್ 1753ರಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡನ್ನೂ ಈ ಒಂದೇ ಕುಲಕ್ಕೆ ಸೇರಿಸಿದ. ನಮ್ಮ ಅಡುಗೆಮನೆಯದು ಅಲಿಯಂ ಸೇಪಾ. ಮೊಮ್ಮಗನ ಪಕ್ಕ ನಿಂತಿದ್ದದ್ದು ಅಲಿಯಂ ಜೈಗ್ಯಾಂಟಿಯಂ. ಅಂದರೆ ಬಳಗ ನಿಜ. ಆದರೆ ಬಳಗ ಒಂದೇ ಅಂತ ಊಟ ಒಂದೇ ಆಗಬೇಕೇ? ಅದು ನನಗೆ ಆಗ ಹೊಳೆಯಲಿಲ್ಲ.

ಆನ್‌ಲೈನ್‌ನಲ್ಲಿ ಹುಡುಕಿದೆ. ಒಬ್ಬ ಮಾರಾಟಗಾರನ ಬಳಿ 5 ಗಡ್ಡೆಗೆ 1,850 ರೂಪಾಯಿ. ಹೆಸರು ಬರೆಯುವುದಿಲ್ಲ, ಅವನೊಬ್ಬನೇ ಹೀಗೆ ಅಂತ ಅಲ್ಲ. ‘ಭಾರತದ ಎಲ್ಲ ಹವಾಮಾನಕ್ಕೂ ಸೂಕ್ತ, 60 ದಿನದಲ್ಲಿ ಹೂವು’ ಎಂದು ದೊಡ್ಡಕ್ಷರದಲ್ಲಿ ಇತ್ತು. ಪಾರ್ಸೆಲ್ ಬಂದಾಗ ಮನೆಯಾಕೆ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ‘ರೀ, ಇದು ಉಳ್ಳಾಗಡ್ಡಿನ ಅಲ್ರೀ? ಇದಕ್ಕ ಒಂದಕ್ಕ 370 ರೂಪಾಯಿ ಕೊಟ್ರಿ?’ ಅಂದಳು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು.

ನಮ್ಮ ಅಂಗಳದ್ದು ಎರೆ ಮಣ್ಣು. ನೀರು ಹಿಡಿದರೆ ಬಿಡುವುದಿಲ್ಲ. ಅದಕ್ಕೆ ಒಂದು ಅಡಿ ತೆಗೆದು, ಅರ್ಧಕ್ಕರ್ಧ ಉಸುಕು ಮತ್ತು ಹಳೇ ಸಗಣಿಗೊಬ್ಬರ ಕೂಡಿಸಿ, ಏರು ಮಾಡಿ ನೆಟ್ಟೆ. ಟೇಪ್ ಹಿಡಿದು 7 ಇಂಚು ಆಳ. ಅಲ್ಲಿಯವರೆಗೆ ಎಲ್ಲ ಪುಸ್ತಕದ ಪ್ರಕಾರ. ಡಿಸೆಂಬರ್‌ಗೆ ಎಲೆ ಬಂತು. ಉಳ್ಳಾಗಡ್ಡಿ ತಪ್ಪಲಿನ ಹಾಗೆ ಕೊಳವೆ ಅಲ್ಲ, ಎರಡು ಇಂಚು ಅಗಲದ ಪಟ್ಟಿ. ಬಣ್ಣ ಬೂದಿ ಕಲಸಿದ ಹಸಿರು. ಓಣಿಯವರಿಗೆಲ್ಲ ಕರೆದು ತೋರಿಸಿದೆ. ಫೆಬ್ರುವರಿಯಲ್ಲಿ ಎಲೆಯ ತುದಿ ಕಂದು ಆಗತೊಡಗಿತು. ನೀರು ಸಾಲುತ್ತಿಲ್ಲ ಎಂದು ದಿನಾ ಎರಡು ಚೊಂಬು ಜಾಸ್ತಿ ಹಾಕಿದೆ. ಏಪ್ರಿಲ್‌ನಲ್ಲಿ ಅಗೆದು ನೋಡಿದರೆ ಎರಡು ಗಡ್ಡೆ ಕೊಳೆತು ನಾರುತ್ತಿದ್ದವು. ಉಳಿದ ಮೂರು ಸೊರಗಿ ನೆಲ್ಲಿಕಾಯಿಯಷ್ಟು ಆಗಿದ್ದವು. ಹೂವಿನ ಸುಳಿವೇ ಇಲ್ಲ.

ಆಮೇಲೆ ಕೂತು ಓದಿದೆ. ಈ ಎತ್ತರದ ಜಾತಿಗಳ ತವರು ಮಧ್ಯ ಏಷ್ಯಾ. ತುರ್ಕಮೆನಿಸ್ತಾನ, ಉಜ್ಬೇಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಬೆಟ್ಟಗಳು. ಅಲ್ಲಿ ಚಳಿಗಾಲದಲ್ಲಿ ಹಿಮ. ಹಿಮ ಕರಗಿದಾಗ ಸಿಗುವ ನೀರಿನಲ್ಲಿ ಗಡಬಡಿಸಿ ಎಲೆ ಬಿಟ್ಟು, ಹೂವು ಬಿಟ್ಟು, ಬೇಸಿಗೆ ಬಂದಾಗ ಎಲೆ ಒಣಗಿಸಿಕೊಂಡು ಗಡ್ಡೆಯೊಳಗೆ ಮಲಗುತ್ತವೆ. ಆ ಬೇಸಿಗೆ ಅಲ್ಲಿ ಒಣ ಬೇಸಿಗೆ. ನಮ್ಮಲ್ಲಿ ಅದು ಮಲಗುವ ಹೊತ್ತಿಗೆ ಸರಿಯಾಗಿ ಜೂನ್ ಮಳೆ ಶುರು. ಅಂದರೆ ಎರಡು ಕಡೆ ಹೊಡೆತ. ಏಳಬೇಕಾದಾಗ ಚಳಿ ಸಾಲದು, ಮಲಗಬೇಕಾದಾಗ ಹಾಸಿಗೆ ಒದ್ದೆ. ಗಡ್ಡೆಗೆ ಸುಮಾರು ಮೂರು ತಿಂಗಳು 5 ಡಿಗ್ರಿ ಆಸುಪಾಸಿನ ತಂಪು ಸಿಗಬೇಕು. ಸಿಗದಿದ್ದರೆ ಎಲೆ ಬರುತ್ತದೆ, ದಂಟು ಏಳುವುದಿಲ್ಲ. ನನ್ನ ಅಂಗಳದ ಥರ್ಮಾಮೀಟರ್ ಆ ಚಳಿಗಾಲದಲ್ಲಿ 14ಕ್ಕಿಂತ ಕೆಳಗೆ ಇಳಿದದ್ದು ಮೂರೇ ದಿನ, ಅದೂ ಬೆಳಗಿನ ಜಾವ. ಮಧ್ಯಾಹ್ನ ಅದೇ ಥರ್ಮಾಮೀಟರ್ 29, 30 ತೋರಿಸುತ್ತಿತ್ತು.

ಇನ್ನೊಂದು ಮಾತು. ಅದರ ತವರಲ್ಲೂ ಹೂವು ಬಿಡುವ ಹೊತ್ತಿಗೆ ಎಲೆ ಒಣಗುವುದು ಸಹಜವಂತೆ. ಯುರೋಪಿನ ತೋಟದವರು ಮುಂದೆ ಗಿಡ್ಡ ಗಿಡ ನೆಟ್ಟು ಆ ಒಣ ಎಲೆ ಮರೆಮಾಡುತ್ತಾರೆ. ನಾನು ರೋಗ ಎಂದು ತಿಳಿದು ನೀರು ಕುಡಿಸಿ ಕೊಂದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಚಳಿ ತಾನೇ, ಫ್ರಿಡ್ಜ್ ಇದೆಯಲ್ಲ ಎಂದುಕೊಂಡೆ. ದೆಹಲಿಯ ರಸ್ತೆ ಬದಿ ಫೆಬ್ರುವರಿಯಲ್ಲಿ ಟುಲಿಪ್ ಅರಳಿಸುತ್ತಾರೆ. ಅದಕ್ಕೆ ತಂಪು ಕೊಟ್ಟು ತಯಾರು ಮಾಡಿದ ಗಡ್ಡೆಯನ್ನು ಹೆಚ್ಚಾಗಿ ವಿದೇಶದಿಂದ ತರಿಸುತ್ತಾರೆ. ಅದನ್ನು ಓದಿ ಧೈರ್ಯ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬರ ಹತ್ತಿರ 3 ಗಡ್ಡೆ, 1,200 ರೂಪಾಯಿ. ಕಾಗದದ ಚೀಲದಲ್ಲಿ ಹಾಕಿ, ಫ್ರಿಡ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲಿ 12 ವಾರ ಇಟ್ಟೆ. ಮೇಲೆ ‘ತಿನ್ನುವುದಲ್ಲ’ ಎಂದು ಬರೆದು ಅಂಟಿಸಿದೆ. ಆದರೆ ಅದೇ ಡಬ್ಬಿಯಲ್ಲಿ ಸೇಬು ಇತ್ತು. ಹಣ್ಣಾಗುವ ಹಣ್ಣು ಎಥಿಲಿನ್ ಎಂಬ ಅನಿಲ ಬಿಡುತ್ತದೆ, ಅದು ಗಡ್ಡೆಯೊಳಗಿನ ಹೂಮೊಗ್ಗನ್ನು ಕೆಡಿಸುತ್ತದೆ ಎನ್ನುವುದು ನನಗೆ ತಿಳಿದದ್ದು ನೆಟ್ಟ ಮೇಲೆ. ಒಂದು ಗಡ್ಡೆ ಬೂಸ್ಟು ಹಿಡಿದು ಹೋಯಿತು. ಒಂದು ಎಲೆ ಬಿಟ್ಟು ಸುಮ್ಮನಾಯಿತು. ಮೂರನೆಯದು ಮಾರ್ಚ್ 2ಕ್ಕೆ 11 ಇಂಚಿನ ದಂಟು, ತುದಿಯಲ್ಲಿ ಗೋಲಿಯಷ್ಟು ಮೊಗ್ಗು ತೋರಿಸಿತು. ನಾನು ಮಗಳಿಗೆ ವಿಡಿಯೊ ಕಾಲ್ ಮಾಡಿ ಕುಣಿದಾಡಿದೆ. ಆಮೇಲೆ ಒಂದು ವಾರ ಮಧ್ಯಾಹ್ನ 36, 37 ಡಿಗ್ರಿ. ಮೊಗ್ಗು ಕಾಗದದ ಹಾಗೆ ಒಣಗಿ ನಿಂತಲ್ಲೇ ನಿಂತಿತು.

ಇಲ್ಲಿ ಒಂದು ತಮಾಷೆ ನಡೆಯಿತು. ಅದೇ ನವೆಂಬರ್‌ನಲ್ಲಿ ಅಣ್ಣ ಕೊಟ್ಟಿದ್ದ ಚೀಲದ ತಳದಲ್ಲಿ ಏಳು ಉಳ್ಳಾಗಡ್ಡಿ ಮೊಳಕೆ ಬಂದಿದ್ದವು. ಬೇಸಿಗೆಯಲ್ಲಿ ಕಿತ್ತು ಇಟ್ಟ ಗಡ್ಡೆ. ಚೆಲ್ಲಲು ಮನಸ್ಸು ಬರದೆ ಮನೆಯಾಕೆ ಅವನ್ನು ತುಳಸಿಕಟ್ಟೆಯ ಹಿಂದೆ ಗೋಡೆಗುಂಟ ಊರಿದ್ದಳು. ತಪ್ಪಲು ಬಂದರೆ ಪಲ್ಯಕ್ಕಾಗುತ್ತದೆ ಎನ್ನುವ ಲೆಕ್ಕ. ನಾನು ಅತ್ತ ನೋಡಿರಲೂ ಇಲ್ಲ, ನನ್ನ ಕಣ್ಣೆಲ್ಲ 400 ರೂಪಾಯಿಯ ಗಡ್ಡೆಯ ಮೇಲೆ. ಫೆಬ್ರುವರಿಯ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಾಗ ಗೋಡೆಯ ಹಿಂದಿನಿಂದ ಸೂರ್ಯ ಬಂದ. ತುಳಸಿಕಟ್ಟೆಯ ಮೇಲೆ ಹನ್ನೊಂದು ಬಿಳಿ ಚೆಂಡು ಗಾಳಿಯಲ್ಲಿ ತೂಗುತ್ತಿದ್ದವು.

ಟೇಪ್ ತಂದೆ. ಎಲ್ಲಕ್ಕಿಂತ ಎತ್ತರದ್ದು 3 ಅಡಿ 2 ಇಂಚು. ವರ್ನಿಯರ್ ಹಿಡಿದು ನೋಡಿದರೆ ಚೆಂಡಿನ ಅಡ್ಡಳತೆ 70 ಮಿಲಿಮೀಟರ್. ಒಂದು ಚೆಂಡು ಕತ್ತರಿಸಿ, ಪೇಪರ್ ಹಾಸಿ, ಕನ್ನಡಕ ಹಾಕಿಕೊಂಡು ಹೂವು ಎಣಿಸಿದೆ. 412. ಒಂದೊಂದು ಹೂವಿಗೂ ಆರು ಬಿಳಿ ಎಸಳು, ಪ್ರತಿ ಎಸಳಿನ ನಡುವೆ ಒಂದು ಹಸಿರು ಗೆರೆ. ಆರು ಕೇಸರ ಹೊರಗೆ ಚಾಚಿಕೊಂಡಿರುತ್ತವೆ, ಅದಕ್ಕೇ ಚೆಂಡು ದೂರದಿಂದ ನವಿರಾಗಿ ಕಾಣುವುದು. ಎಲ್ಲ ಒಟ್ಟಿಗೆ ಅರಳುವುದಿಲ್ಲ. ಇವತ್ತು ಹತ್ತು, ನಾಳೆ ಮೂವತ್ತು, ಹೀಗೆ ಒಂದು ಚೆಂಡು ಎರಡು ಮೂರು ವಾರ ನಡೆಯುತ್ತದೆ. ದಂಟು ಒಳಗೆ ಪೊಳ್ಳು. ಕೆಳಗಿನ ಅರ್ಧದಲ್ಲಿ ಒಂದು ಕಡೆ ಹೊಟ್ಟೆ ಬಂದಿರುತ್ತದೆ. ಯಾಕೆ ಹೀಗೆ ಉಬ್ಬು ಎಂದು ನಾನು ಫಿಟರ್ ತಲೆಯಲ್ಲಿ ಬಹಳ ಯೋಚಿಸಿದ್ದೇನೆ. ಪೈಪಿನ ಕೆಲಸ ಮಾಡಿದವರಿಗೆ ಈ ದಂಟು ನೋಡಿದರೆ ಗೌರವ ಬರುತ್ತದೆ, ಅಷ್ಟು ತೆಳು ಗೋಡೆ, ಅಷ್ಟು ಎತ್ತರ.

ಮತ್ತು ಜೇನು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ತುಡುವಿ ಜೇನು, ಕೋಲುಜೇನು, ನಡುವೆ ನೊಣ, ಚಿಟ್ಟೆ. ಉಳ್ಳಾಗಡ್ಡಿ ಹೂವಿನಲ್ಲಿ ಪರಾಗ ಮೊದಲು ಉದುರುತ್ತದೆ. ಅದೇ ಹೂವಿನ ಹೆಣ್ಣು ಭಾಗ, ಅಂದರೆ ಶಲಾಕೆಯ ತುದಿ, ಪರಾಗ ಹಿಡಿಯಲು ತಯಾರಾಗುವುದು ಆಮೇಲೆ. ಹಾಗಾಗಿ ಬೇರೆ ಹೂವಿನ ಪರಾಗವನ್ನು ಯಾರಾದರೂ ಹೊತ್ತು ತರಬೇಕು. ಜೇನು ಬಾರದಿದ್ದರೆ ಬೀಜ ಸರಿಯಾಗಿ ಕಟ್ಟುವುದಿಲ್ಲ. ನಮ್ಮ ಓಣಿಯಲ್ಲಿ ಇಷ್ಟು ಜೇನು ಎಲ್ಲಿದ್ದವು ಅಂತ ನನಗೆ ಆಶ್ಚರ್ಯ.

ಅಣ್ಣನಿಗೆ ಫೋಟೊ ಕಳಿಸಿದೆ. ಫೋನ್ ಮಾಡಿದ. ‘ಬೆಳಿ ಕೆಟ್ಟದ್ದನ್ನ ಅಂಗಳದಾಗ ಇಟ್ಕೊಂಡು ಫೋಟೊ ತಗೀತಿಯಲ್ಲೋ ತಮ್ಮಾ’ ಎಂದು ನಕ್ಕ. ಅವನ ಮಾತು ನನಗೆ ಅರ್ಥವಾಗುತ್ತದೆ. ಹೊಲದಲ್ಲಿ ಉಳ್ಳಾಗಡ್ಡಿ ಹೂವು ಬಿಟ್ಟಿತು ಅಂದರೆ ಆ ಗಡ್ಡೆ ಹೋಯಿತು. ಒಳಗೆ ಗಟ್ಟಿ ದಂಟು ಕೂತು, ಇಟ್ಟರೆ ಬೇಗ ಕೆಡುತ್ತದೆ. ಅಮರಗೋಳದ ಎಪಿಎಂಸಿಗೆ ತಂದರೆ ಆರಿಸಿ ಪಕ್ಕಕ್ಕೆ ಎಸೆಯುತ್ತಾರೆ. ಅಪ್ಪ ಸಾಲಿನಲ್ಲಿ ನಡೆಯುತ್ತಾ ಹೂದಂಟು ಕಂಡಲ್ಲೆಲ್ಲ ಚಿವುಟಿ ಹಾಕುತ್ತಿದ್ದದ್ದು ನನಗೆ ನೆನಪಿದೆ. ಮೊಗ್ಗಿನಲ್ಲೇ ಚಿವುಟಿದ್ದರಿಂದಲೇ ಇರಬೇಕು, ಉಳ್ಳಾಗಡ್ಡಿ ಬೆಳೆಯುವ ಮನೆಯಲ್ಲಿ ಹುಟ್ಟಿದರೂ ಈ ಹೂವು ಪೂರ್ತಿ ಅರಳಿದ್ದನ್ನು ನಾನು 63ನೇ ವಯಸ್ಸಿಗೆ ನೋಡಿದೆ. ಒಂದು ವರ್ಷ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ ಎಂದು ಅಣ್ಣ ಬೆಳೆದ ಬೆಳೆಯನ್ನೇ ಹರಗಿಬಿಟ್ಟಿದ್ದ. ಅವನ ಮುಂದೆ ಉಳ್ಳಾಗಡ್ಡಿ ಚೆಂದ ಎನ್ನುವಾಗ ನಾಲಿಗೆ ಸ್ವಲ್ಪ ಹಿಡಿದುಕೊಳ್ಳಬೇಕಾಗುತ್ತದೆ. ಇತ್ತ ಮನೆಯಾಕೆಯ ವಾದ ಬೇರೆ. 2019ರ ಡಿಸೆಂಬರ್‌ನಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತಲ್ಲ, ಆಗ ಹೂವಿಗೆ ಅಂತ ನೆಟ್ಟಿದ್ದರೆ ನಿಮ್ಮನ್ನೂ ಅಲ್ಲೇ ನೆಡುತ್ತಿದ್ದೆ ಎನ್ನುತ್ತಾಳೆ.

ನಮ್ಮ ಉಳ್ಳಾಗಡ್ಡಿಗೂ ಹೂವು ಬಿಡಲು ತಂಪು ಬೇಕು, ಅದೂ ಎರಡು ವರ್ಷದ ಗಿಡವೇ. ಮೊದಲು ಗಡ್ಡೆ, ಆಮೇಲೆ ಹೂವು. ಆದರೆ ಇಲ್ಲಿ ತಲೆಮಾರುಗಟ್ಟಲೆ ಬೀಜ ಹಿಡಿದು ಬೆಳೆಸಿದ ತಳಿಗಳಿಗೆ ನಮ್ಮ ಡಿಸೆಂಬರ್, ಜನವರಿಯ ರಾತ್ರಿಗಳೇ ಸಾಕು. ಫ್ರಿಡ್ಜ್ ಬೇಡ.

ಕಳೆದ ಚಳಿಗಾಲದಲ್ಲಿ ಬೇಕಂತಲೇ 40 ಗಡ್ಡೆ ನೆಟ್ಟೆ. ಅಂಗಳ ಇರುವವರು ಮಾಡಿ ನೋಡಲಿ ಅಂತ ಬರೆಯುತ್ತೇನೆ. ಬೇಸಿಗೆಯಲ್ಲಿ ಕಿತ್ತು ಒಣಗಿಸಿಟ್ಟ ಗಡ್ಡೆ ಆರಿಸಿಕೊಳ್ಳಿ. ಮಳೆಗಾಲದ ಬೆಳೆಯ ಹಸಿ ಗಡ್ಡೆಗೆ ಇನ್ನೂ ನಿದ್ದೆ ಇರುತ್ತದೆ, ಮೊಳಕೆ ತಡ. ನಿಂಬೆಹಣ್ಣಿಗಿಂತ ದೊಡ್ಡದು ಇರಲಿ. ಗಡ್ಡೆ ದಪ್ಪ ಇದ್ದಷ್ಟು ದಂಟು ಜಾಸ್ತಿ, ನನಗೆ ಒಂದರಿಂದ ನಾಲ್ಕು ದಂಟು ಬಂದದ್ದೂ ಇದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ನೆಡಿ. ಬೀಜ ಮಾಡುವ ರೈತರು ಗಡ್ಡೆಯ ಮೇಲಿನ ಮೂರನೇ ಒಂದು ಭಾಗ ಕೊಯ್ದು ನೆಡುತ್ತಾರೆ. ಒಳಗೆ ಎಷ್ಟು ಸುಳಿ ಇದೆ ಎಂದು ಗೊತ್ತಾಗುತ್ತದೆ, ಮೊಳಕೆಯೂ ಬೇಗ. ಕೊಯ್ದ ಭಾಗ ಒಗ್ಗರಣೆಗೆ. ಮನೆಯಾಕೆ ಈ ಯೋಜನೆಗೆ ಒಪ್ಪಿದ್ದೇ ಈ ಕಾರಣಕ್ಕೆ.

ಆಳದ ವಿಷಯದಲ್ಲಿ ನಿಮ್ಮ ಪುರವಣಿಯ ಅಲಿಯಂ ಲೆಕ್ಕ ಉಳ್ಳಾಗಡ್ಡಿಗೆ ನಡೆಯುವುದಿಲ್ಲ. ಮೂರು ಪಟ್ಟು ಆಳ ಬೇಡವೇ ಬೇಡ, ಗಡ್ಡೆ ಮುಚ್ಚಿ ಮೇಲೆ ಅರ್ಧ ಇಂಚು ಮಣ್ಣು ಇದ್ದರೆ ಸಾಕು. ನಡುವೆ ಒಂದು ಅಡಿ ಬಿಡಿ. ಎರೆ ಮಣ್ಣಾದರೆ ಉಸುಕು ಕೂಡಿಸಿ ಏರು ಮಾಡಿ. ಧಾರವಾಡದ ಕಡೆ, ಮಸಾರಿ ಅಂದರೆ ಕೆಂಪು ಮಣ್ಣು ಇರುವವರಿಗೆ ಆ ಕಷ್ಟ ಇಲ್ಲ. ಎಂಟು ದಿನಕ್ಕೊಮ್ಮೆ ನೀರು. ಯೂರಿಯಾ ಸುರಿಯಬೇಡಿ, ತಪ್ಪಲು ಸೊಕ್ಕಿ ದಂಟು ಬಾಗುತ್ತದೆ.

ಗಾಳಿಯೇ ದೊಡ್ಡ ಶತ್ರು. ಪೊಳ್ಳು ದಂಟು ಒಮ್ಮೆ ಮಡಚಿದರೆ ಮುಗಿಯಿತು. ನಾನು ಮೊದಲ ಗಾಳಿಗೆ ಒಂಬತ್ತು ಕಳೆದುಕೊಂಡೆ. ಆಮೇಲೆ ನಾಲ್ಕು ಮೂಲೆಗೆ ಬಿದಿರು ಗಳ ನೆಟ್ಟು, ಎರಡು ಎತ್ತರದಲ್ಲಿ ಸೆಣಬಿನ ದಾರ ಸುತ್ತಿದೆ. ಒಂದೊಂದಕ್ಕೂ ಕೋಲು ಕಟ್ಟಲು ಹೋಗಬೇಡಿ, ದಾರ ಬಿಗಿದ ಜಾಗದಲ್ಲೇ ಮುರಿಯುತ್ತದೆ. ಥ್ರಿಪ್ಸ್ ನುಸಿ ಬಂದೇ ಬರುತ್ತದೆ, ತಪ್ಪಲ ಮೇಲೆ ಬೆಳ್ಳಿ ಗೀರು ಕಾಣುತ್ತದೆ. ಬೇವಿನೆಣ್ಣೆಗೆ ಸ್ವಲ್ಪ ಸೋಪು ಬೆರೆಸಿ ಹೊಡೆಯಿರಿ, ಅದೂ ಚೆಂಡು ಒಡೆಯುವ ಮೊದಲು. ಅರಳಿದ ಮೇಲೆ ಏನೂ ಹೊಡೆಯಬೇಡಿ, ಜೇನು ಸಾಯುತ್ತದೆ.

ಯುರೋಪಿನವರ ಆ ಮರೆಮಾಡುವ ಉಪಾಯ ಇಲ್ಲಿ ಚೆನ್ನಾಗಿ ಕೆಲಸ ಮಾಡಿತು. ಫೆಬ್ರುವರಿಗೆ ಉಳ್ಳಾಗಡ್ಡಿ ತಪ್ಪಲೂ ಹಳದಿ ತಿರುಗುತ್ತದೆ. ಮುಂದೆ ಒಂದು ಸಾಲು ಗಿಡ್ಡ ಚೆಂಡುಹೂವು ಹಾಕಿದ್ದೆ. ಕೆಳಗೆ ಕೇಸರಿ, ಮೇಲೆ ಎರಡು ಅಡಿ ಬರೀ ದಂಟು, ಅದರ ಮೇಲೆ ಬಿಳಿ. ಮಗಳಿಗೆ ಆ ಫೋಟೊ ಕಳಿಸಿದೆ. ಅವಳು ಪಕ್ಕದ ಮನೆಯವರಿಗೆ ತೋರಿಸಿದಳಂತೆ. ಅವರು ಇದು ಯಾವ ತಳಿ ಎಂದು ಕೇಳಿದರಂತೆ.

ವಾಸನೆ ಬರುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಹೂವಿಗೆ ಮೂಗು ಹಚ್ಚಿದರೆ ಸ್ವಲ್ಪ ಜೇನಿನ ವಾಸನೆ. ದಂಟು ಮುರಿದರೆ ಮಾತ್ರ ಉಳ್ಳಾಗಡ್ಡಿಯೇ. ಗಾಳಿಗೆ ಆ ಒಂಬತ್ತು ಮುರಿದ ದಿನ ಪಕ್ಕದ ಮನೆಯ ಅಕ್ಕ ‘ಯಾರ ಮನ್ಯಾಗ ಗಿರ್ಮಿಟ್ ಮಾಡಾಕತ್ತೀರಿ?’ ಎಂದು ಗೋಡೆಯಾಚೆಯಿಂದ ಕೇಳಿದರು.

ಬೀಜದ ಬಗ್ಗೆ ಎರಡು ಮಾತು, ಯಾಕೆಂದರೆ ಮೋಸ ಜಾಸ್ತಿ ಇರುವುದು ಇಲ್ಲೇ. ಚೆಂಡಿನಲ್ಲಿ ಅಲ್ಲಲ್ಲಿ ಕಾಯಿ ಒಡೆದು ಕಪ್ಪು ಬೀಜ ಇಣುಕಿದಾಗ ದಂಟು ಸಮೇತ ಕೊಯ್ದು ನೆರಳಲ್ಲಿ ಒಣಗಿಸಿ ತಿಕ್ಕಿ. ಆ ಬೀಜ ಹೆಚ್ಚು ದಿನ ತಡೆಯುವುದಿಲ್ಲ, ವರ್ಷದೊಳಗೆ ಬಿತ್ತಬೇಕು. ಹೈಬ್ರಿಡ್ ಗಡ್ಡೆಯ ಬೀಜದಿಂದ ಅದೇ ತಳಿ ಬರುವುದಿಲ್ಲ, ಅದು ನೆನಪಿರಲಿ. ಅಂಗಡಿಯಲ್ಲಿ ಕಲೋಂಜಿಯನ್ನು ಉಳ್ಳಾಗಡ್ಡಿ ಬೀಜ ಎಂದು ಮಾರುವವರಿದ್ದಾರೆ, ಅದು ಬೇರೆಯದೇ ಗಿಡ. ಇನ್ನು ಆನ್‌ಲೈನ್‌ನಲ್ಲಿ ‘ದೈತ್ಯ ಅಲಿಯಂ ಬೀಜ, 100 ಕಾಳು 99 ರೂಪಾಯಿ’ ಎಂದು ನೀಲಿ, ಕೆಂಪು, ಕಾಮನಬಿಲ್ಲಿನ ಬಣ್ಣದ ಚೆಂಡುಗಳ ಫೋಟೊ ಹಾಕಿರುತ್ತಾರೆ. ಅಲ್ಲಿ ತೋರಿಸುವ ಅತಿ ದೊಡ್ಡ ಚೆಂಡಿನ ತಳಿ ಹೆಚ್ಚಾಗಿ ಗ್ಲೋಬ್‌ಮಾಸ್ಟರ್. ಅದು ಎರಡು ಜಾತಿ ಕೂಡಿಸಿ ಮಾಡಿದ ಮಿಶ್ರತಳಿ, ಬಂಜೆ, ಬೀಜವನ್ನೇ ಕಟ್ಟುವುದಿಲ್ಲ. ಕಟ್ಟದ ಬೀಜವನ್ನು 99 ರೂಪಾಯಿಗೆ ಹೇಗೆ ಮಾರುತ್ತಾರೋ! ಜೈಗ್ಯಾಂಟಿಯಂ ಬೀಜ ಕಟ್ಟುತ್ತದೆ, ಆದರೆ ಬೀಜದಿಂದ ಹೂವಿಗೆ ಅದರ ತವರಿನಂಥ ಚಳಿಯಲ್ಲೂ ನಾಲ್ಕೈದು ವರ್ಷ ಬೇಕು.

ಮಗಳು ಬರುವಾಗ ಸೂಟ್‌ಕೇಸಿನಲ್ಲಿ ಒಳ್ಳೆಯ ಗಡ್ಡೆ ತರುತ್ತೇನೆ ಅಂದಳು. ಬೇಡ ಎಂದೆ. ಹೊರದೇಶದ ಗಡ್ಡೆ, ಸಸಿ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪತ್ರ ಬೇಕು. ಕಾಗದದ ಮಾತು ಬಿಡಿ. ತಂಪು ದೇಶಗಳ ಉಳ್ಳಾಗಡ್ಡಿ ಹೊಲಗಳಲ್ಲಿ ಬಿಳಿ ಕೊಳೆ ಎಂಬ ರೋಗ ಇದೆ. ಅದರ ಗಸಗಸೆಯಷ್ಟು ಕಪ್ಪು ಕಾಳು ಒಮ್ಮೆ ಮಣ್ಣಿಗೆ ಬಿದ್ದರೆ 20 ವರ್ಷ ಜೀವ ಹಿಡಿದು ಕೂರುತ್ತದೆ. ಅದು ತಂಪಿಗೆ ಹಬ್ಬುವ ರೋಗ, ನಮ್ಮ ಬಿಸಿಲು ಅದಕ್ಕೆ ಒಗ್ಗುವುದಿಲ್ಲ, ನಿಜ. ಆದರೂ ನನ್ನ ಅಂಗಳದ ಶೋಕಿಗೆ ಗದಗ, ಹುಬ್ಬಳ್ಳಿ, ರಾಣೆಬೆನ್ನೂರಿನ ಹೊಲಗಳ ಮೇಲೆ ಜೂಜಾಡಲು ನಾನು ಯಾರು?

ನೇರಳೆಯೇ ಬೇಕು, ಐದು ಅಡಿಯೇ ಬೇಕು ಎನ್ನುವವರಿಗೆ ನಮ್ಮ ಉಳ್ಳಾಗಡ್ಡಿ ಸಮಾಧಾನ ಕೊಡುವುದಿಲ್ಲ. ಅಂಥವರಿಗೆ ನನ್ನ ಬಳಿ ಉಪಾಯವೂ ಇಲ್ಲ. ಬಣ್ಣದ ಚೆಂಡು ಸಾಕು ಎನ್ನುವವರು ಮೇ ಫ್ಲವರ್ ಇಟ್ಟುಕೊಳ್ಳಲಿ, ಗುಲ್‌ಮೊಹರ್ ಮರ ಅಲ್ಲ, ಆ ಹೆಸರಿನ ಗಡ್ಡೆ ಗಿಡ. ಧಾರವಾಡದ ಹಳೇ ಮನೆಗಳ ಕುಂಡಗಳಲ್ಲಿ ಇದೆ. ಮೊದಲ ಮಳೆ ಬಿದ್ದ ಮೇಲೆ ಎಲೆಗಿಂತ ಮೊದಲು ಕೆಂಪು ಚೆಂಡು ಏಳುತ್ತದೆ. ಗಿಡ್ಡ, ಆದರೆ ವರ್ಷ ವರ್ಷ ತಪ್ಪದೆ ಬರುತ್ತದೆ. ಅದು ಉಳ್ಳಾಗಡ್ಡಿ ಕುಲದ್ದಲ್ಲ, ಅದರ ಗಡ್ಡೆ ವಿಷ. ಮಕ್ಕಳು, ಆಡು ಇರುವ ಮನೆಯವರು ಎಚ್ಚರ. ನಾಯಿ, ಬೆಕ್ಕು ಸಾಕಿದವರಿಗೂ ಹೇಳುತ್ತೇನೆ, ಉಳ್ಳಾಗಡ್ಡಿ ಅವಕ್ಕೂ ವಿಷವೇ, ಅಗೆದು ತಿನ್ನದ ಹಾಗೆ ನೋಡಿಕೊಳ್ಳಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಈ ಪತ್ರ ಓದಿದರೆ ಅವರಿಗೂ ಒಂದು ಮಾತು. ಸೆಪ್ಟೆಂಬರ್‌ನ ಕೃಷಿ ಮೇಳಕ್ಕೆ ನಾನು ಹೋಗುತ್ತೇನೆ. ಅಲ್ಲಿ ಉಳ್ಳಾಗಡ್ಡಿಯ ಗಡ್ಡೆ ಇರುತ್ತದೆ, ಬೀಜದ ಪಾಕೀಟು ಇರುತ್ತದೆ, ಹೂವು ಇರುವುದಿಲ್ಲ. ಅದು ಹೂವಿನ ಕಾಲವೂ ಅಲ್ಲ, ಒಪ್ಪುತ್ತೇನೆ. ಫೆಬ್ರುವರಿಯಲ್ಲಿ ಬೀಜದ ಪ್ಲಾಟು ಅರಳಿದಾಗ ಒಂದು ದಿನ ಗೇಟು ತೆರೆದು ಜನರನ್ನು ಬಿಡಿ. ಒಂದು ಅಂಗಳದ 40 ಗಡ್ಡೆಯೇ ಇಷ್ಟು ಕಂಡರೆ ಒಂದು ಎಕರೆ ಹೇಗೆ ಕಾಣಬಹುದು!

ನಿಮಗೆ ನನ್ನ ಬೇಡಿಕೆ ಸಣ್ಣದು. ಮುಂದಿನ ಭಾನುವಾರ ಪುರವಣಿಯ ಮೂಲೆಯಲ್ಲಿ ಎರಡು ಸಾಲು ಹಾಕಿ. ಎತ್ತರದ ಅಲಿಯಂ ಗಡ್ಡೆಗೆ ಮೂರು ತಿಂಗಳು 5 ಡಿಗ್ರಿ ಆಸುಪಾಸಿನ ಚಳಿ ಬೇಕು, ಹುಬ್ಬಳ್ಳಿ–ಧಾರವಾಡದ ಅಂಗಳದಲ್ಲಿ ಅದು ಸಿಗುವುದಿಲ್ಲ. ಅಕ್ಟೋಬರ್ ಮೊದಲ ವಾರಕ್ಕೆ ಜನ ಆರ್ಡರ್ ಮಾಡಲು ಶುರು ಮಾಡುತ್ತಾರೆ, ಅದಕ್ಕೆ ಮುಂಚೆ ಬಂದರೆ ಒಳ್ಳೆಯದು. ನನ್ನ ಓಣಿಯಲ್ಲೇ ಇಬ್ಬರು ನಿಮ್ಮ ಆ ಪುಟ ಕತ್ತರಿಸಿ ಇಟ್ಟುಕೊಂಡಿದ್ದಾರೆ.

ನಿಮ್ಮ ಓದುಗ,
ನಿವೃತ್ತ ರೈಲ್ವೆ ಫಿಟರ್, ಹುಬ್ಬಳ್ಳಿ

(ಹೆಸರು ಹಾಕಬೇಡಿ. ಓಣಿಯ ಹುಡುಗರು ಈಗಾಗಲೇ ಉಳ್ಳಾಗಡ್ಡಿ ಕಾಕಾ ಎನ್ನುತ್ತಾರೆ, ಅದು ಓಣಿಗೆ ಸಾಕು.)